ನಾನು ಕಳೆದ ಓಲೆ

ಮನೆಯೊಳಗೆ ಒಂದು ವಸ್ತು ಕಾಣದಾದಾಗ ನಾವೆಲ್ಲರೂ ಹೇಳುವ ಮಾತು ಒಂದೇ: ‘ಕಳೆದುಹೋಯಿತು.’ ಕಳೆದವರು ಯಾರು ಎಂಬ ಪ್ರಶ್ನೆಗೆ ಆ ಕ್ರಿಯಾಪದದಲ್ಲಿ ಎಡೆಯೇ ಇಲ್ಲ. ವಸ್ತುವು ತಾನಾಗಿಯೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹೊಸ್ತಿಲು ದಾಟಿ ನಡೆದುಬಿಟ್ಟಿತೆಂಬಂತೆ ಮಾತನಾಡುತ್ತೇವೆ. ವರ್ಷಗಟ್ಟಲೆ ಕಾಲೇಜಿನಲ್ಲಿ ಕನ್ನಡ ವ್ಯಾಕರಣವನ್ನು ಹೇಳಿಕೊಡುತ್ತ ಬಂದ ನಾನು ಈ ಪದದೊಳಗೆ ಅಡಗಿದ ಸೌಕರ್ಯವನ್ನು ಗಮನಿಸಿರಲಿಲ್ಲ. ಗಮನಿಸುವಂತೆ ಮಾಡಿದ್ದು ಒಂದು ಓಲೆ, ಮತ್ತು ನಮ್ಮ ಮನೆಯ ಕಸಮುಸುರೆ ನೋಡಿಕೊಳ್ಳುವ ಒಬ್ಬ ಹೆಂಗಸು.

ನಾವಿರುವುದು ಧಾರವಾಡದ ಹಳೆಯ ಹಂಚಿನ ಮನೆಯೊಂದರಲ್ಲಿ. ನೆಲಕ್ಕೆ ಶಹಾಬಾದಿನ ಫರಸಿ. ಕಲ್ಲುಗಳ ನಡುವಿನ ಸಿಮೆಂಟು ಅಲ್ಲಲ್ಲಿ ಎದ್ದುಹೋಗಿ ಬೆರಳು ತೂರುವಷ್ಟು ಸಂದುಗಳಾಗಿವೆ. ಅಂದು ಡಿಸೆಂಬರ್ ತಿಂಗಳ ಶನಿವಾರ. ಕ್ರಿಸ್ಮಸ್ಸಿಗೆ ಇನ್ನು ಎರಡು ವಾರ. ಕರಚಿಕಾಯಿಗೆ ಬೇಕಾದ ಕೊಬ್ಬರಿ, ಗಸಗಸೆಗಳ ಪಟ್ಟಿಯನ್ನು ನನ್ನ ಹೆಂಡತಿ ಆಗಲೇ ಬರೆದಿಟ್ಟಿದ್ದಳು. ತಲೆಗೆ ಎರೆದುಕೊಳ್ಳುವ ಮುಂಚೆ ಆಕೆ ತನ್ನ ಓಲೆಗಳನ್ನು ಬಿಚ್ಚಿ ಗೋಡೆಯ ಮಾಡದಲ್ಲಿ ಇಟ್ಟಳು. ಅವು ಮದುವೆಯಲ್ಲಿ ಅವಳ ತಾಯಿ ತಮ್ಮ ಕಿವಿಯಿಂದಲೇ ತೆಗೆದು ಕೊಟ್ಟವು. ಬಂದು ನೋಡಿದರೆ ಇದ್ದುದು ಒಂದೇ ಓಲೆ.

ಮನೆಯಲ್ಲಿದ್ದವರು ನಾವು ಮೂವರು, ಮತ್ತು ಆಕೆ. ಏಳು ವರ್ಷಗಳಿಂದ ನಮ್ಮಲ್ಲಿ ಕೆಲಸಕ್ಕೆ ಬರುತ್ತಿರುವವಳು. ನಮ್ಮ ಮಗಳು ಆಕೆಯನ್ನು ಅಜ್ಜಿಯೆಂದೇ ಕರೆಯುವುದು. ನಾನು ಆಕೆಯನ್ನು ಕಳ್ಳಿಯೆನ್ನಲಿಲ್ಲ. “ಇಲ್ಲಿ ಮಾಡದಾಗ ಓಲಿ ಇತ್ತು, ನೋಡೀಯೇನವಾ?” ಎಂದಷ್ಟೇ ಕೇಳಿದೆ. ಮಾತು ನಿರ್ದೋಷವಾಗಿತ್ತು, ಆದರೆ ದನಿ ಹಾಗಿರಲಿಲ್ಲ. ಮೂವರನ್ನು ಬಿಟ್ಟು ಒಬ್ಬಳನ್ನೇ ಕೇಳಿದೆನಲ್ಲ, ಅದರಲ್ಲಿಯೇ ಎಲ್ಲವೂ ಇತ್ತು.

ಆಕೆ ಉತ್ತರ ಕೊಡಲಿಲ್ಲ. ಒದ್ದೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೊಂಟದಿಂದ ಎಲೆ-ಅಡಿಕೆಯ ಚಂಚಿಯನ್ನು ತೆಗೆದು, ದಾರ ಸಡಲಿಸಿ, ನನ್ನ ಕಾಲ ಬಳಿ ನೆಲದ ಮೇಲೆ ಸುರಿದಳು. ಬಾಡಿದ ಎರಡು ವೀಳ್ಯದೆಲೆ, ಅರ್ಧ ಅಡಿಕೆ, ಸುಣ್ಣದ ಡಬ್ಬಿ, ನಾಲ್ಕು ಮಡಿಕೆಯ ಒಂದು ಹತ್ತು ರೂಪಾಯಿಯ ನೋಟು. “ನೋಡ್ಕೋರಿ ಸರ” ಎಂದಳು. ಅನಂತರ ಒಂದೊಂದನ್ನೇ ಆಯ್ದು ಚಂಚಿಗೆ ತುಂಬಿಕೊಂಡು ಹೊರಟುಹೋದಳು. ಮರುದಿನ ಬರಲಿಲ್ಲ.

ಮರುದಿನ ಆದಿತ್ಯವಾರ. ಎಂದಿನಂತೆ ದೇವಾಲಯಕ್ಕೆ ಹೋದೆ, ಹಾಡಿದೆ, ಕಾಣಿಕೆಯ ತಟ್ಟೆ ಬಂದಾಗ ಕಾಣಿಕೆ ಹಾಕಿದೆ. ಬಲಿಪೀಠದ ಮುಂದೆ ಕಾಣಿಕೆ ತಂದವನಿಗೆ, ತನ್ನ ಮೇಲೆ ಯಾರಿಗೋ ನೋವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗಬೇಕೆಂದು ಯೇಸುಸ್ವಾಮಿ ಪರ್ವತಪ್ರಸಂಗದಲ್ಲಿ ಹೇಳಿರುವುದು ನನಗೆ ಬಾಯಿಪಾಠವಾಗಿಯೇ ಬರುತ್ತದೆ. ಆದರೆ ಬಾಯಿಪಾಠವಾದುದು ನೆನಪಿಗೆ ಬರಬೇಕೆಂಬ ನಿಯಮವೇನೂ ಇಲ್ಲ. ಅಂದು ಅದು ನೆನಪಿಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಪಾತ್ರೆ ತಿಕ್ಕಲು ಕುಳಿತಳು; ಕಸಬರಿಗೆ ನನ್ನ ಪಾಲಿಗೆ ಬಂತು. ಸಂಸಾರಸ್ಥನಾದ ಈ ಹತ್ತು ವರ್ಷಗಳಲ್ಲಿ ನಾನು ಮನೆಯ ಕಸ ಗುಡಿಸಿದ್ದು ಅದೇ ಮೊದಲೆಂದು ಹೇಳಲು ನಾಚಿಕೆಯಾಗುತ್ತದೆ. ಗುಡಿಸುವವನು ಬಾಗಲೇಬೇಕು. ಬಾಗಿದವನಿಗೆ ಮನೆಯು ಬೇರೆಯಾಗಿ ಕಾಣುತ್ತದೆ. ನಿಂತವನಿಗೆ ಕಾಣದ ಸಂದುಗೊಂದುಗಳೆಲ್ಲ ಕಣ್ಣಿಗೆ ಬೀಳುತ್ತವೆ. ಮಾಡದ ಕೆಳಗಿನ ಫರಸಿಯ ಸಂದಿನಲ್ಲಿ ಏನೋ ಮಿನುಗಿದಂತಾಯಿತು. ಮಗಳನ್ನು ಕೂಗಿ ಬ್ಯಾಟರಿ ತರಿಸಿದೆ. ಆಕೆ ಬೆಳಕು ಹಿಡಿದಳು. ನಾನು ತಲೆಗೂದಲಿಗೆ ಹಾಕುವ ಪಿನ್ನಿನಿಂದ ಮೀಟಿದೆ. ಓಲೆ ಮೇಲಕ್ಕೆ ಬಂತು. ಆಗ ನನಗೆ ನೆನಪಾಯಿತು: ಶನಿವಾರ ಅದೇ ಮಾಡದಿಂದ ಉತ್ತರಪತ್ರಿಕೆಗಳ ಕಟ್ಟನ್ನು ಸರಕ್ಕನೆ ಎಳೆದುಕೊಂಡವನು ನಾನೇ.

ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯ ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಸುಂಕದವರನ್ನೂ ಪಾಪಿಗಳನ್ನೂ ಸೇರಿಸಿಕೊಂಡು ಊಟಮಾಡುತ್ತಾನೆಂದು ಫರಿಸಾಯರು ಗೊಣಗಿದಾಗ ಯೇಸು ಅವರಿಗೆ ಮೂರು ಸಾಮ್ಯಗಳನ್ನು ಹೇಳುತ್ತಾನೆ. ನೂರು ಕುರಿಗಳಲ್ಲಿ ಒಂದು, ಹತ್ತು ನಾಣ್ಯಗಳಲ್ಲಿ ಒಂದು, ಇಬ್ಬರು ಮಕ್ಕಳಲ್ಲಿ ಒಬ್ಬ. ಮೂರನೆಯದನ್ನು ಲೋಕವೆಲ್ಲ ಬಲ್ಲದು; ನಡುವಿನ ನಾಣ್ಯದ ಕಥೆಯನ್ನು ಕೇಳುವವರು ಕಡಿಮೆ. ಆ ನಾಣ್ಯ ಗ್ರೀಕರ ದ್ರಾಖ್ಮ. ಒಬ್ಬ ಕೂಲಿಯವನ ಸುಮಾರು ಒಂದು ದಿನದ ದುಡಿಮೆ. ಅದನ್ನು ಕಾಣದಾದ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಕ್ಕುವ ತನಕ ಹುಡುಕುತ್ತಾಳೆ. ಹಗಲಿನಲ್ಲಿಯೂ ದೀಪವೇಕೆ? ಗಲಿಲಾಯದ ಕಪೆರ್ನೌಮಿನಲ್ಲಿ ಅಗೆದು ತೆಗೆದ ಹಳೆಯ ಮನೆಗಳನ್ನು ನೋಡಿದರೆ ಉತ್ತರ ದೊರೆಯುತ್ತದೆ. ಕಪ್ಪು ಬಸಾಲ್ಟ್ ಕಲ್ಲಿನ ಗೋಡೆ, ನೆಲಕ್ಕೂ ಅದೇ ಒರಟು ಕಲ್ಲಿನ ಹಾಸು. ಆ ಕತ್ತಲೆಯ ಸಂದಿನಲ್ಲಿ ಬಿದ್ದ ನಾಣ್ಯ ದೀಪವಿಲ್ಲದೆ ಹೇಗೆ ಕಂಡೀತು? ನಮ್ಮ ಫರಸಿಗೂ ಆ ನೆಲಕ್ಕೂ ಹೆಚ್ಚಿನ ಅಂತರವಿಲ್ಲವೆಂದು ನನಗೆ ತೋರಿತು.

ಓಲೆಯನ್ನು ಅಂಗೈಯಲ್ಲಿ ಹಿಡಿದು ಕುಳಿತಾಗ ಆ ಕಥೆಯ ಎರಡು ಸಂಗತಿಗಳು ನನ್ನನ್ನು ಚುಚ್ಚಿದವು. ಮೊದಲನೆಯದು, ಆಕೆ ನೆರೆಹೊರೆಯವರನ್ನು ಕರೆಯುವುದು ನಾಣ್ಯ ಸಿಕ್ಕಿದ ಮೇಲೆ, ಸಂತೋಷವನ್ನು ಹಂಚಿಕೊಳ್ಳಲು. ನಾಣ್ಯ ಕಾಣದಿದ್ದಾಗ ಆಕೆ ಯಾರ ಬಾಗಿಲಿಗೂ ಹೋಗಿ ಕೇಳಲಿಲ್ಲ. ತನ್ನ ಮನೆಯನ್ನು ತಾನು ಗುಡಿಸಿದಳು. ಎರಡನೆಯದು ವ್ಯಾಕರಣಕ್ಕೆ ಸಂಬಂಧಿಸಿದ್ದು. ಮೂಲ ಗ್ರೀಕಿನಲ್ಲಿ ಕುರುಬನು ಕುರಿಯನ್ನು ‘ಕಳೆದುಹೋದದ್ದು’ ಎನ್ನುತ್ತಾನೆ. ಈ ಹೆಂಗಸಾದರೋ ನಾಣ್ಯವನ್ನು ‘ನಾನು ಕಳೆದದ್ದು’ ಎನ್ನುತ್ತಾಳೆ. ಕುರಿ ತಾನೇ ದಾರಿತಪ್ಪಿ ಅಲೆಯಬಲ್ಲದು, ನಾಣ್ಯಕ್ಕೆ ಕಾಲಿಲ್ಲ. ತಪ್ಪು ತನ್ನ ಕೈಯದೆಂದು ಆಕೆ ಒಪ್ಪಿಕೊಂಡಳು. ನಾನಾದರೋ ಎರಡು ದಿನ ‘ಓಲೆ ಕಳೆದುಹೋಯಿತು’ ಎಂದೇ ಹೇಳುತ್ತಿದ್ದೆ. ಮನಸ್ಸಿನೊಳಗೆ ಆ ವಾಕ್ಯಕ್ಕೆ ಬೇರೊಬ್ಬಳನ್ನು ಕರ್ತೃವಾಗಿ ನಿಲ್ಲಿಸಿದ್ದೆ.

ಸಂಜೆ ಆಕೆಯ ಮನೆಗೆ ಹೋದೆ. ಏಳು ವರ್ಷಗಳಲ್ಲಿ ಅದೂ ಮೊದಲ ಸಲವೇ. ಓಣಿಯ ಕೊನೆಯ ತಗಡಿನ ಮನೆ. ಬಾಗಿಲಲ್ಲಿ ನಿಂತೇ ಹೇಳಿದೆ: “ಓಲಿ ಸಿಕ್ತವಾ. ನನ್ನ ಕೈಯಿಂದನ ಬಿದ್ದಿತ್ತು. ನಿನ್ನ ಕೇಳಿದ್ದು ತಪ್ಪಾತು, ಮನಸಿಗೆ ಹಚ್ಚಿಕೋಬ್ಯಾಡ.”

ಆಕೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೋಪವಿಲ್ಲದ ದನಿಯಲ್ಲಿ ಕೇಳಿದಳು: “ಸಿಗದಿದ್ದರ ಬರತಿದ್ರೇನ್ರಿ ಸರ?”

ಅದುವರೆಗೆ ನನ್ನ ಪಶ್ಚಾತ್ತಾಪದ ವಿಷಯದಲ್ಲಿ ನನಗೆ ಒಳ್ಳೆಯ ಅಭಿಪ್ರಾಯವೇ ಇತ್ತು. ಆ ಒಂದು ಪ್ರಶ್ನೆಗೆ ಅದು ಕುಸಿದುಬಿತ್ತು. ಕಾಣಿಕೆಯನ್ನು ಬಿಟ್ಟು ಹೋಗೆಂದ ಸ್ವಾಮಿ, ವಸ್ತು ಸಿಕ್ಕಿದ ಮೇಲೆ ಹೋಗೆಂದು ಹೇಳಿರಲಿಲ್ಲ. ನಾನು ಹೋದದ್ದು ಆಕೆಗೆ ನೋವಾದುದಕ್ಕಲ್ಲ. ಆಕೆ ನಿರಪರಾಧಿಯೆಂದು ರುಜುವಾತಾದುದಕ್ಕೆ. ಓಲೆ ಸಂದಿನಲ್ಲಿಯೇ ಉಳಿದಿದ್ದರೆ ಆಕೆಯೂ ನನ್ನ ಸಂಶಯದಲ್ಲಿಯೇ ಉಳಿಯುತ್ತಿದ್ದಳು. ಸುಳ್ಳು ಹೇಳುವುದು ಸುಲಭವಾಗಿತ್ತು. ಆದರೆ ಆ ಹೊಸ್ತಿಲಲ್ಲಿ ನಿಂತು ಇನ್ನೊಂದು ತಪ್ಪು ಮಾಡುವ ಧೈರ್ಯ ನನಗಾಗಲಿಲ್ಲ.

“ಇಲ್ಲವಾ, ಬರತಿರಲಿಲ್ಲ” ಎಂದೆ.

ಆಕೆ ತಲೆಯಾಡಿಸಿದಳು. “ಒಳಗ ಬರ್ರಿ, ಚಾ ಕುಡದು ಹೋಗ್ರಿ” ಎಂದಳು. ಸಕ್ಕರೆ ಹೆಚ್ಚಾಗಿದ್ದ ಆ ಚಹವನ್ನು ಕುಡಿಯುತ್ತ, ಸಿಕ್ಕಿದ ವಸ್ತುವಿಗಾಗಿ ನೆರೆಯವರನ್ನು ಕರೆಯಬೇಕಾದವನು ನಾನು, ಕರೆದವಳು ಮಾತ್ರ ಆಕೆ ಎಂದುಕೊಂಡೆ.

ಗುರುವಾರದಿಂದ ಆಕೆ ಕೆಲಸಕ್ಕೆ ಬಂದಳು. ಮಗಳಿಗೆ ಮತ್ತೆ ಅಜ್ಜಿಯಾದಳು. ಕರಚಿಕಾಯಿ ಕರಿಯುವಾಗ ಎಣ್ಣೆಯ ಮುಂದೆ ಕುಳಿತವಳೂ ಆಕೆಯೇ. ಎಲ್ಲವೂ ಮೊದಲಿನಂತಾಯಿತೆಂದು ಬರೆದು ಮುಗಿಸಬಹುದಿತ್ತು. ಆದರೆ ಮಾಡದ ಹತ್ತಿರ ಕಸ ಗುಡಿಸುವಾಗ ಮಾತ್ರ ಆಕೆ ಇಂದಿಗೂ “ಅಕ್ಕಾರ, ಒಂಚೂರು ಇಲ್ಲಿ ಬರ್ರಿ” ಎಂದು ನನ್ನ ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾಳೆ. ಆ ದನಿ ಕೇಳಿದಾಗಲೆಲ್ಲ, ಓಲೆಯ ಜೊತೆಗೆ ಅಂದು ನಾನು ಕಳೆದದ್ದು ಇನ್ನೂ ಒಂದಿದೆಯೆಂಬುದು ನೆನಪಾಗುತ್ತದೆ. ಹೌದು, ‘ಕಳೆದುಹೋದದ್ದು’ ಅಲ್ಲ, ನಾನು ಕಳೆದದ್ದು. ಅದು ಯಾವ ಫರಸಿಯ ಸಂದಿನಲ್ಲಿಯೂ ಇಲ್ಲ. ಈಗ ಆದಿತ್ಯವಾರಗಳಂದು ಮನೆ ಗುಡಿಸುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಬಾಗುವುದು ಇನ್ನೂ ಪೂರ್ತಿಯಾಗಿ ಅಭ್ಯಾಸವಾಗಿಲ್ಲ.