ಆ 90 ಯಾರ ಲೆಕ್ಕ?

ನೆಟ್‌ವರ್ಕ್ ಮಾನಿಟರಿಂಗ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಲ್ಲಿ ಚುರುಕಾದವರು ಬೇಗನೆ ಒಂದು ಪ್ರಶ್ನೆ ಕೇಳುತ್ತಾರೆ: ರೌಟರಿನ ಸಿಪಿಯು 90 ದಾಟಿ ಐದು ನಿಮಿಷ ಹಾಗೇ ಇದ್ದರೆ ಅಲಾರಂ ಅಂತಿದೆಯಲ್ಲ ಸರ್, 90 ಯಾಕೆ, 85 ಯಾಕಾಗಬಾರದು? ಅವರಿಗೆ ಸಿಗುವ ಉತ್ತರ, ಟೆಂಪ್ಲೇಟಿನಲ್ಲಿ ಹಾಗಿದೆ ಕಣಪ್ಪ ಎಂಬುದು. ಉತ್ತರ ಸುಳ್ಳೇನಲ್ಲ. ಜ್ಯಾಬಿಕ್ಸ್ ತಂತ್ರಾಂಶದ ಜೊತೆಗೆ ಬರುವ ಸಿಸ್ಕೋ ರೌಟರಿನ ಟೆಂಪ್ಲೇಟಿನಲ್ಲಿ ಇರುವುದು ಅದೇ ಅಂಕಿ. ಆದರೆ ಈ ಕಸುಬನ್ನು ಟೆಂಪ್ಲೇಟಿಗೆ ಮೊದಲೂ ಆಮೇಲೂ ನೋಡಿದವರಿಗೆ ಅದು ಉತ್ತರ ಅನಿಸುವುದಿಲ್ಲ. ಹಿಂದೆ ಇಂಥ ಒಂದೊಂದು ಅಂಕಿಗೂ ಒಂದೊಂದು ಜಗಳ ನಡೆದಿರುತ್ತಿತ್ತು, ಜಗಳ ಆಡಿದವರು ಯಾರೆಂದು ಇಡೀ ಕಚೇರಿಗೆ ಗೊತ್ತಿರುತ್ತಿತ್ತು. ಟೆಂಪ್ಲೇಟು ಬಂದು ಕೈಕೆಲಸ ಹಾಳಾಯಿತು ಎಂದು ಹಲುಬುವ ಹಳಬರು ಬೇಕಾದಷ್ಟಿದ್ದಾರೆ. ಕೈಕೆಲಸ ಹೋದದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು. ನನ್ನ ತಕರಾರೆಲ್ಲ ಅದರ ಜೊತೆಗೆ ಆ ಜಗಳವೂ ಹೋಯಿತಲ್ಲ ಎಂಬುದು.

1990ರ ದಶಕದ ಕೊನೆಯ ಬೆಂಗಳೂರಿನಲ್ಲಿ 64 ಕೆಬಿಪಿಎಸ್ ಲೀಸ್ಡ್ ಲೈನ್ ಇರುವ ಕಚೇರಿಗೆ ಒಂದು ಗತ್ತಿತ್ತು. ಸರ್ವರ್ ರೂಮಿಗೆ ಹೋಗುವವರು ಚಪ್ಪಲಿಯನ್ನು ಬಾಗಿಲಲ್ಲೇ ಬಿಡಬೇಕು. ಒಳಗೆ ಎಸಿಯ ಚಳಿ, ರ‍್ಯಾಕಿನ ಮೇಲೆ ಕಳೆದ ಆಯುಧಪೂಜೆಯ ಕುಂಕುಮ, ಪಕ್ಕದ ಯುಪಿಎಸ್ ಬ್ಯಾಟರಿಗಳ ಹುಳಿ ವಾಸನೆ. ಆ ವಾಸನೆ ಒಂಚೂರು ಜಾಸ್ತಿಯಾದರೂ ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತಿದೆ ಎಂದು ಮೂಗೇ ಹೇಳುತ್ತಿತ್ತು, ಅದಕ್ಕೆ ಬೇರೆ ಅಲಾರಂ ಬೇಕಿರಲಿಲ್ಲ. ಲೈನಿನ ಮೇಲೆ ಎಷ್ಟು ಓಡುತ್ತಿದೆ ಎಂದು ತೋರಿಸಲು ಇದ್ದದ್ದು ಎಂಆರ್‌ಟಿಜಿ. ಅದನ್ನು ಬರೆದ ಟೋಬಿಯಾಸ್ ಓಟಿಕರ್ ಅವರೂ ನಮ್ಮಂಥದೇ ಬಡತನದಿಂದ ಬಂದವರು ಎಂಬುದು ನಮಗೊಂದು ಸಮಾಧಾನ. 1994ರಲ್ಲಿ ಅವರು ಕೆಲಸ ಮಾಡುತ್ತಿದ್ದ ಕಡೆ ಹೊರಜಗತ್ತಿಗೆ ಇದ್ದದ್ದು ಒಂದೇ ಒಂದು 64 ಕೆಬಿಪಿಎಸ್ ಲೈನು, ಅದು ಹೇಗೆ ನಡೆಯುತ್ತಿದೆ ಎಂದು ತಿಳಿಯುವ ಆಸೆ ಎಲ್ಲರಿಗೂ. ಪರ್ಲ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದು 1995ರಲ್ಲಿ ಊರಿಗೆಲ್ಲ ಹಂಚಿದರು. ಡೇವ್ ರ‍್ಯಾಂಡ್ ಅದರ ಭಾರವಾದ ಭಾಗವನ್ನು ಸಿ ಭಾಷೆಯಲ್ಲಿ ಬರೆದುಕೊಟ್ಟ ಮೇಲೆ ವೇಗ ಬಂತು. ಐದು ನಿಮಿಷಕ್ಕೊಮ್ಮೆ ಎಸ್‌ಎನ್‌ಎಂಪಿಯಲ್ಲಿ ರೌಟರನ್ನು ವಿಚಾರಿಸಿ, ಒಳಬಂದ ದತ್ತಾಂಶವನ್ನು ಹಸಿರು ತುಂಬಿ, ಹೊರಹೋದದ್ದನ್ನು ನೀಲಿ ಗೆರೆಯಲ್ಲಿ ತೋರಿಸುತ್ತಿತ್ತು. ಬೇರೆ ಹೇಳದಿದ್ದರೆ ಅದರ ಗ್ರಾಫಿನಲ್ಲಿ ಈ ಗಳಿಗೆ ಎಡತುದಿಗೆ, ನಿನ್ನೆ ಬಲಕ್ಕೆ. ಆ ತಿರುವುಮುರುವು ಕಣ್ಣಿಗೆ ಬೇಗ ಒಗ್ಗುತ್ತಿತ್ತು. ಏರಿ ಇಳಿಯುತ್ತಿದ್ದರೆ ಲೈನು ನೆಟ್ಟಗಿದೆ, ಬೆಳಗ್ಗೆ ಹತ್ತೂವರೆಯಿಂದ ಊಟದ ಹೊತ್ತಿನವರೆಗೆ ತಲೆ ಸಪಾಟಾಗಿದ್ದರೆ ತುಂಬಿಹೋಗಿದೆ. ಇಷ್ಟು ಸರಳವಾದ ಚಿತ್ರ ಮಾಡಿಕೊಟ್ಟ ಆ ಮನುಷ್ಯನ ಮೇಲೆ ನಮ್ಮ ತಲೆಮಾರಿಗೆ ಇರುವ ಪ್ರೀತಿ ಈಗಿನವರಿಗೆ ಅರ್ಥವಾಗುವುದು ಕಷ್ಟ.

ಆ ಸಪಾಟು ತಲೆಯ ಗ್ರಾಫೇ ಚೌಕಾಸಿಗೆ ಬಂಡವಾಳ. ಲೈನು ಎಷ್ಟು ತುಂಬಿದಾಗ ಅಲಾರಂ ಹೊಡೆಯಬೇಕು? ಬ್ರಾಂಚ್ ಮ್ಯಾನೇಜರು ಶೇ. 60 ಅನ್ನುತ್ತಿದ್ದರು, ಏಕೆಂದರೆ ಕೌಂಟರಿನ ಮುಂದೆ ಕಾಯುವ ಗಿರಾಕಿಯ ಬೈಗುಳ ತಿನ್ನುವವರು ಅವರು. ರಾತ್ರಿಪಾಳಿಯವರು 95 ಕೇಳುತ್ತಿದ್ದರು, 60ಕ್ಕೆ ಒಪ್ಪಿದರೆ ಬ್ಯಾಕಪ್ ಶುರುವಾದ ಕೂಡಲೇ ಪೇಜರ್ ಕೂಗುತ್ತದೆ. ಅಕೌಂಟ್ಸಿನವರಿಗಂತೂ ಅಲಾರಮ್ಮೇ ಬೇಡ, ಅದು ಹೊಡೆದಷ್ಟೂ ಲೈನನ್ನು 128ಕ್ಕೆ ಏರಿಸಿ ಎಂಬ ಅರ್ಜಿಗೆ ಬಲ ಬರುತ್ತದೆ. ಎರಡು ರೌಂಡು ಕಾಫಿ, ಒಂದಿಷ್ಟು ಮುನಿಸು ಆದ ಮೇಲೆ ಇತ್ಯರ್ಥ: ಹಗಲು 80, ರಾತ್ರಿ ಹನ್ನೊಂದರಿಂದ ಐದರವರೆಗೆ ಅಲಾರಂ ಇಲ್ಲ, ತಿಂಗಳ ಕೊನೆಗೆ 90. ಇದರಲ್ಲಿ ಯಾವ ಶಾಸ್ತ್ರವೂ ಇರಲಿಲ್ಲ. ಆದರೆ ಹಾಗೆ ಹುಟ್ಟಿದ ಅಂಕಿಗೆ ವಾರಸುದಾರರಿದ್ದರು. ಅಲಾರಂ ಹೊಡೆದರೆ ಇದು ನಿಜವೋ ಸುಳ್ಳೋ ಎಂದು ಯಾರೂ ಕೂತು ಯೋಚಿಸುತ್ತಿರಲಿಲ್ಲ, ಎದ್ದು ಹೋಗಿ ನೋಡುತ್ತಿದ್ದರು.

ಹಳೆಯದನ್ನು ಹೊಗಳುವಾಗ ಬಾಯಿ ಸ್ವಲ್ಪ ಹಿಡಿತದಲ್ಲಿರಬೇಕು. ಕೈಯಿಂದ ಬರೆದದ್ದು ಎಂದು ಹಳಬರು ಹೆಮ್ಮೆಪಡುವ ಕಾನ್ಫಿಗರೇಶನ್ ಫೈಲುಗಳಲ್ಲಿ ಮುಕ್ಕಾಲು ಪಾಲು ಹಿಂದಿನ ಸಾಲಿನ ನಕಲು. ಈಥನ್ ಗಾಲ್‌ಸ್ಟಾಡ್ 1999ರಲ್ಲಿ ನೆಟ್‌ಸೇಂಟ್ ಎಂದು ಬಿಡುಗಡೆ ಮಾಡಿ, ಮುಂದೆ 2002ರಲ್ಲಿ ನಾಗಿಯೋಸ್ ಆದ ತಂತ್ರಾಂಶದಲ್ಲಿ ಪ್ರತಿ ಸ್ವಿಚ್ಚಿಗೂ, ಅದರ ಮೇಲಿನ ಪ್ರತಿ ತಪಾಸಣೆಗೂ ಒಂದೊಂದು ತುಂಡು ಬರಹ ಬೇಕು. ಹತ್ತು ಸ್ವಿಚ್ಚಿಗೆ ಅದು ಕಸುಬು, ಐನೂರಕ್ಕೆ ಶಿಕ್ಷೆ. ನಕಲು ಮಾಡಿದವರು ಹೆಸರು ಬದಲಿಸಿ ಐಪಿ ವಿಳಾಸ ಬದಲಿಸಲು ಮರೆತರೆ, ಸತ್ತುಬಿದ್ದ ಸ್ವಿಚ್ಚಿನ ಹೆಸರಲ್ಲಿ ಪಕ್ಕದ ಸ್ವಿಚ್ಚು ಹಾಜರಿ ಹಾಕುತ್ತಿತ್ತು, ಪರದೆಯ ಮೇಲೆ ಎಲ್ಲ ಹಸಿರು. ರೌಟರಿಗೆ ಹೊಸ ಕಾರ್ಡು ಹಾಕಿ ರೀಬೂಟ್ ಮಾಡಿದಾಗ ಇಂಟರ್‌ಫೇಸುಗಳ ಕ್ರಮಸಂಖ್ಯೆ ಅದಲುಬದಲಾಗಿ, ಹುಬ್ಬಳ್ಳಿ ಲೈನಿನ ಹೆಸರಿನ ಕೆಳಗೆ ಮಂಗಳೂರಿನ ಗ್ರಾಫು ಓಡುವುದೂ ಇತ್ತು. ಸಾಲದ್ದಕ್ಕೆ 1.3.6.1 ಎಂದು ಶುರುವಾಗುವ ಎಸ್‌ಎನ್‌ಎಂಪಿಯ ಉದ್ದುದ್ದ ಸಂಖ್ಯೆಗಳಲ್ಲಿ ಯಾವುದು ಏನು ಹೇಳುತ್ತದೆ ಎಂಬ ಜ್ಞಾನ ಯಾರೋ ಒಬ್ಬ ಹಿರಿಯರ ನೋಟ್‌ಬುಕ್ಕಿನಲ್ಲಿ ಬೀಗ ಹಾಕಿಕೊಂಡಿತ್ತು. ಅವರು ರಜೆ ಹಾಕಿದರೆ ಜ್ಞಾನಕ್ಕೂ ರಜೆ.

ಟೆಂಪ್ಲೇಟು ಇದನ್ನೆಲ್ಲ ಗುಡಿಸಿ ಹಾಕಿತು. ನಾಗಿಯೋಸಿನಲ್ಲಿ ಒಂದು ಮಾದರಿ ಬರೆದು, ಇದು ನಿಜವಾದ ಯಂತ್ರವಲ್ಲ, ಬರೀ ಅಚ್ಚು ಎಂದು ತಿಳಿಸಲು ಅದರೊಳಗೆ 'ರಿಜಿಸ್ಟರ್ 0' ಎಂದು ಸೇರಿಸಿದರೆ, ಮಿಕ್ಕ ಯಂತ್ರಗಳಿಗೆಲ್ಲ 'ಯೂಸ್' ಎಂಬ ಒಂದೇ ಸಾಲು ಸಾಕು. ಲಾಟ್ವಿಯಾದ ಅಲೆಕ್ಸಿ ವ್ಲಾಡಿಶೆವ್ 2001ರಲ್ಲಿ ಮುಕ್ತವಾಗಿ ಹಂಚಿದ ಜ್ಯಾಬಿಕ್ಸ್ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. 2012ರ ಆವೃತ್ತಿಯಿಂದ ಸಾಧನವನ್ನೇ ಕೇಳಿ, ಅದರಲ್ಲಿರುವ ಪೋರ್ಟುಗಳನ್ನು ತಾನೇ ಪತ್ತೆಮಾಡಿ, ಪ್ರತಿಯೊಂದಕ್ಕೂ ತಪಾಸಣೆ ಹುಟ್ಟಿಸತೊಡಗಿತು. ಇದರ ಬೆಲೆ ಗೊತ್ತಾಗಲು ಒಂದೇ ಉದಾಹರಣೆ ಸಾಕು. ಹಳೆಯ ಬೈಟ್ ಕೌಂಟರು 32 ಬಿಟ್ಟಿನದು. 100 ಎಂಬಿಪಿಎಸ್ ಲಿಂಕು ಪೂರ್ತಿ ಓಡಿದರೆ ಅದು ಆರು ನಿಮಿಷದೊಳಗೆ ತುಂಬಿ ಮತ್ತೆ ಸೊನ್ನೆಯಿಂದ ಶುರು, ಗಿಗಾಬಿಟ್ ಲಿಂಕಿನಲ್ಲಾದರೆ 34 ಸೆಕೆಂಡಿಗೇ. ಐದು ನಿಮಿಷಕ್ಕೊಮ್ಮೆ ಕೇಳುವವರಿಗೆ ಗಿಗಾಬಿಟ್ ಲಿಂಕಿನ ಗ್ರಾಫು ಶುದ್ಧ ಸುಳ್ಳು. 64 ಬಿಟ್ಟಿನ ಕೌಂಟರನ್ನು ಕೇಳಬೇಕು ಎಂದು ಬಲ್ಲವರು ಊರಿಗೊಬ್ಬರಿದ್ದರು. ಒಳ್ಳೆಯ ಟೆಂಪ್ಲೇಟು ಆ ಬಲ್ಲವರ ಜಾಣ್ಮೆಯನ್ನು ನಿನ್ನೆ ಸೇರಿದವರ ಕೈಗೂ ಪುಕ್ಕಟೆ ಕೊಟ್ಟಿತು.

ತೊಡಕಿರುವುದೂ ಇಲ್ಲಿಯೇ. ಯಾವ ಕೌಂಟರನ್ನು ಕೇಳಬೇಕು ಎಂಬುದು ಸಾಧನದ ಸಂಗತಿ, ಅದು ಬೆಂಗಳೂರಿನಲ್ಲೂ ಬೀದರಿನಲ್ಲೂ ಒಂದೇ. ಎಷ್ಟಕ್ಕೆ ಗಾಬರಿಯಾಗಬೇಕು ಎಂಬುದು ಜಾಗದ ಸಂಗತಿ, ಊರೂರಿಗೆ ಬೇರೆ. ಟೆಂಪ್ಲೇಟು ಇವೆರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಕೊಡುತ್ತದೆ. ಮೊದಲನೆಯದರ ಮೇಲಿನ ನಂಬಿಕೆ ಎರಡನೆಯದಕ್ಕೂ ಸಲ್ಲುತ್ತದೆ. ನಾಗಿಯೋಸಿನ ಜೊತೆಗೆ ಮಾದರಿಗೆಂದು ಬರುತ್ತಿದ್ದ ಫೈಲಿನಲ್ಲಿ ಪಿಂಗ್ ತಪಾಸಣೆಗೆ ಬರೆದಿದ್ದ ಮಿತಿ ನೋಡಿ: ಉತ್ತರಕ್ಕೆ 100 ಮಿಲಿಸೆಕೆಂಡು ಅಥವಾ ಶೇ. 20 ಪ್ಯಾಕೆಟ್ ನಷ್ಟವಾದರೆ ಎಚ್ಚರಿಕೆ, 500 ಮಿಲಿಸೆಕೆಂಡು ಅಥವಾ ಶೇ. 60 ನಷ್ಟವಾದರೆ ಅಪಾಯ. ಅದು ತಂತ್ರಾಂಶ ನಡೆಯುವ ಯಂತ್ರವನ್ನೇ ನೋಡಿಕೊಳ್ಳಲು ಕೊಟ್ಟ ಉದಾಹರಣೆ, ಅಷ್ಟೇ. ಎಷ್ಟೋ ಕಡೆ ಅದೇ ಸಾಲು ಇಡೀ ನೆಟ್‌ವರ್ಕಿನ ಕಾನೂನಾಯಿತು. ಈಗ ಅದನ್ನು ವಿಸ್ಯಾಟ್, ಅಂದರೆ ಉಪಗ್ರಹದ ಸಂಪರ್ಕ, ಇರುವ ಒಂದು ತಾಲ್ಲೂಕು ಶಾಖೆಗೆ ಹಾಕಿ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಪ್ರಶ್ನೆ ಒಮ್ಮೆ ಹತ್ತಿ ಇಳಿಯಬೇಕು, ಉತ್ತರ ಇನ್ನೊಮ್ಮೆ. ಬೆಳಕಿನ ವೇಗದಲ್ಲಿ ಓಡಿದರೂ ಇಷ್ಟಕ್ಕೇ ಸುಮಾರು 480 ಮಿಲಿಸೆಕೆಂಡು, ಉಪಕರಣಗಳ ತಡ ಸೇರಿದರೆ 500 ದಾಟುವುದು ಖಂಡಿತ. ಅಂದರೆ ಆ ಶಾಖೆ ಹುಟ್ಟಿದಾರಭ್ಯ ಅಪಾಯದಲ್ಲಿದೆ! ಅದೇ ಮಿತಿಯನ್ನು ಒಂದೇ ಕಟ್ಟಡದ ಎರಡು ಸ್ವಿಚ್ಚುಗಳ ನಡುವೆ ಹಾಕಿದರೆ, ಒಂದು ಮಿಲಿಸೆಕೆಂಡಿಗೂ ಕಡಿಮೆ ಇರಬೇಕಾದದ್ದು 90ಕ್ಕೆ ಏರಿ ಜನ ಕೀಬೋರ್ಡ್ ಕುಟ್ಟುತ್ತಿದ್ದರೂ ಪರದೆ ಹಸಿರಾಗಿಯೇ ಇರುತ್ತದೆ.

ಇದಕ್ಕೆ ಬರುವ ಮೊದಲ ಮಾತು, ಮಿತಿಗಳನ್ನೆಲ್ಲ ಮ್ಯಾಕ್ರೋ ಮಾಡಿಟ್ಟಿದ್ದಾರಲ್ಲ, ಬೇಕಾದ ಸಾಧನಕ್ಕೆ ಬೇಕಾದ ಅಂಕಿ ಬರೆದುಕೊಳ್ಳಿ, ಯಾರು ಬೇಡ ಅಂದರು ಎಂಬುದು. ಸೌಲಭ್ಯ ಇರುವುದು ನಿಜ. ಆದರೆ ಹಿಂದೆ ಅಂಕಿ ಬರೆಯದಿದ್ದರೆ ಆ ಸಾಲೇ ಪೂರ್ತಿಯಾಗುತ್ತಿರಲಿಲ್ಲ. ಯಾರಾದರೂ ಏನಾದರೂ ನಿರ್ಧರಿಸಲೇಬೇಕಿತ್ತು. ಈಗ ಯಾರೂ ಏನೂ ನಿರ್ಧರಿಸದಿದ್ದರೂ ವ್ಯವಸ್ಥೆ ಚೆನ್ನಾಗಿ ಓಡುತ್ತಿರುವಂತೆ ಕಾಣುತ್ತದೆ. ಎರಡನೆಯ ಮಾತು, ಸಾವಿರಾರು ಸಾಧನಗಳಿರುವಾಗ ಒಂದೊಂದಕ್ಕೂ ಕಾಫಿ ಕುಡಿಯುತ್ತ ಕೂರಲಾಗುತ್ತದೆಯೇ? ಕೂರಬೇಕಿಲ್ಲ. ವಿಸ್ಯಾಟ್ ಶಾಖೆಗಳು ಒಂದು ಗುಂಪು, ಫೈಬರ್ ಇರುವವು ಒಂದು, ಡೇಟಾ ಸೆಂಟರ್ ಒಂದು. ಮಾತುಕತೆ ನಡೆಯಬೇಕಾದ್ದು ಗುಂಪಿಗೊಮ್ಮೆ. ಸಾಧನದ ಟೆಂಪ್ಲೇಟನ್ನು ಬೇರೆಯಾಗಿಟ್ಟು, ಜಾಗದ ಮಿತಿಗಳನ್ನು ಗುಂಪಿನ ಮಟ್ಟದಲ್ಲಿ ಕೂರಿಸಲು ಟೆಂಪ್ಲೇಟು ವ್ಯವಸ್ಥೆಯಲ್ಲಿ ದಾರಿಗಳಿವೆ. ಕೊರತೆ ಇರುವುದು ಕೂತು ಮಾತಾಡುವವರದು. ಇತ್ತೀಚಿನ ಮಾತು ಇನ್ನೊಂದು: ಮಿತಿಯೇ ಬೇಡ, ಯಂತ್ರವೇ ಮಾಮೂಲು ಯಾವುದು ಎಂದು ಕಲಿತುಕೊಳ್ಳುತ್ತದೆ. ಕಲಿಯುತ್ತದೆ, ಇಲ್ಲವೆನ್ನಲಾರೆ. ತಿಂಗಳುಗಟ್ಟಲೆ ತುಂಬಿ ತುಳುಕುವ ಲೈನನ್ನು ನೋಡಿ ತುಳುಕುವುದೇ ಇದರ ಮಾಮೂಲು ಎಂದೂ ಕಲಿಯುತ್ತದೆ. ಆ ಲೈನು ಸಾಕಾಗುತ್ತಿಲ್ಲ ಎಂದು ಹೇಳಬೇಕಾದವರು ಕೌಂಟರಿನ ಹಿಂದೆ ಕೂತವರೇ.

ಹಾಗಾದರೆ ಆ 90 ಯಾಕೆ ಎಂದು ಕೇಳುವ ಹುಡುಗಿಯೇ ಅದನ್ನು ಬದಲಿಸಬಹುದಲ್ಲ? ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ರಾತ್ರಿಯೆಲ್ಲ ಕಾಯುವುದು ಬೇರೆ ದೇಶದವರ ನೆಟ್‌ವರ್ಕನ್ನು. ಅವಳಿಗೆ ಪರದೆ ನೋಡುವ ಹಕ್ಕಿದೆ, ಟೆಂಪ್ಲೇಟು ಮುಟ್ಟುವ ಹಕ್ಕಿಲ್ಲ. ಬದಲಿಸಬೇಕೆಂದರೆ ಟಿಕೆಟ್ ಹಾಕಿ, ಮೇಲಿನವರ ಒಪ್ಪಿಗೆ ಪಡೆದು, ಗಿರಾಕಿಯ ಕಡೆಯವರ ಸಭೆಗೆ ಕಾಯಬೇಕು. ಆ ಸಭೆಯಲ್ಲಿ ವಿಸ್ಯಾಟ್ ಹಿಂದೆ ಕೂತ ಶಾಖೆಯವರೂ ಇರುವುದಿಲ್ಲ, ರಾತ್ರಿಪಾಳಿಯವರೂ ಇರುವುದಿಲ್ಲ. ಬದಲಾವಣೆ ಆದರೂ ಯಾರು ಯಾವಾಗ ಮಾಡಿದರು ಎಂಬುದು ದಾಖಲೆಯಲ್ಲಿ ಉಳಿಯುತ್ತದೆ, ಯಾಕೆ ಎಂಬ ಜಾಗದಲ್ಲಿ ಟೆಂಪ್ಲೇಟ್ ಅಪ್‌ಡೇಟ್ ಮಾಡಲಾಗಿದೆ ಎಂದಷ್ಟೇ ಇರುತ್ತದೆ. ಇತ್ತ, ಅಲಾರಂ ಮೇಲ್‌ಗಳನ್ನೆಲ್ಲ ಓದದೆಯೇ ಒಂದು ಫೋಲ್ಡರಿಗೆ ತಳ್ಳುವ ನಿಯಮ ಬರೆದುಕೊಳ್ಳಲು ಯಾರ ಒಪ್ಪಿಗೆಯೂ ಬೇಕಿಲ್ಲ. ಹುಡುಗರು ಮಾಡುವುದು ಅದನ್ನೇ. ಅವರನ್ನು ಸೋಮಾರಿಗಳು ಎಂದು ಬೈಯುವ ಮ್ಯಾನೇಜರುಗಳ ಇನ್‌ಬಾಕ್ಸಿನಲ್ಲೂ ಅದೇ ನಿಯಮ ಇರುತ್ತದೆ, ಅವರಿಗಿಂತ ಮೊದಲೇ ಬರೆದದ್ದು.