ಉದ್ರಿ ಪುಸ್ತಕ ಹಿಡಿದು ಸಂದರ್ಶನಕ್ಕೆ

ನಮ್ಮ ಕಾಕಾನ ಉದ್ರಿ ಪುಸ್ತಕ ಪಿಎಚ್‌.ಡಿ. ಸಂದರ್ಶನದ ಮೇಜು ಹತ್ತಿದ ಕಥೆ ಇದು. ಕಬ್ಬಿನ ಸುಗ್ಗಿಯಲ್ಲಿ, ರಾತ್ರಿ ಗಾಣದ ಒಲೆಗೆ ಸಿಪ್ಪೆ ನೂಕುತ್ತ ಕೂತಾಗ, ಇಂಜಿನಿಯರಿಂಗ್ ಓದುವ ಹುಡುಗರು ಸೇರಿದರೆ ನನ್ನಿಂದ ಇದನ್ನೇ ಹೇಳಿಸುತ್ತಾರೆ. "ಗೇಟ್ ಬರೀಲೇಬೇಕೇನ್ರಿ ಸರ? ಪಿಎಚ್‌.ಡಿ.ಗೆ ಏನೇನ್ ಬೇಕ್ರಿ?" ಎಂದು ಶುರುವಾದ ಮಾತು ಕಡೆಗೆ ಕಾಕಾನ ಅಂಗಡಿಗೆ ಬಂದೇ ಬರುತ್ತದೆ.

ಕಾಕಾಂದು ಮೂಡಲಗಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಮೂಡಲಗಿ ಆಗಿನ್ನೂ ಗೋಕಾಕ ತಾಲೂಕಿನಲ್ಲೇ ಇತ್ತು. ಬೇಸಿಗೆ ಬಂತೆಂದರೆ ಟಂಟಂ, ಟ್ರ್ಯಾಕ್ಟರ್ ಏರಿ ಸುಟ್ಟ ಮೋಟರುಗಳು ಬಾಗಿಲಿಗೆ ಬಂದಿಳಿಯುತ್ತಿದ್ದವು. ಕಾಕಾ ಉಳಿ ಹಚ್ಚಿ ಹಳೆಯ ಕಾಯಿಲ್ ಕತ್ತರಿಸಿ ತೆಗೆದು, ಒಂದೊಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಯಾವ ಗೇಜು ಎಂದು ಎಣಿಸಿ, ಸುಟ್ಟ ತಾಮ್ರವನ್ನು ತಕ್ಕಡಿಗೆ ಹಾಕುತ್ತಿದ್ದ. ಅಷ್ಟೂ ಉದ್ರಿ ಪುಸ್ತಕಕ್ಕೆ ಹೋಗುತ್ತಿತ್ತು: ತಾರೀಖು, ರೈತನ ಹೆಸರು, ಊರು, ಎಚ್‌.ಪಿ., ತಾಮ್ರದ ತೂಕ. ರೊಕ್ಕ ಬರುವುದು ಕಾರ್ಖಾನೆಯಿಂದ ಕಬ್ಬಿನ ಬಿಲ್ ಆದ ಮೇಲೆ. ಹಾಗಾಗಿ ಬರೆದಿಡದೆ ಅವನಿಗೆ ಗತಿಯಿರಲಿಲ್ಲ.

ನಾನು ಬಿ.ಇ. ಓದಿದ್ದು ಹುಕ್ಕೇರಿ ತಾಲೂಕಿನ ನಿಡಸೋಸಿಯಲ್ಲಿ, ಎಲೆಕ್ಟ್ರಿಕಲ್. ಕರೆಂಟು ಕಲಿಯುವವನಿಗೆ ಈ ಸೀಮೆ ಸಣ್ಣದಲ್ಲ. ಗೋಕಾಕದಲ್ಲಿ ಘಟಪ್ರಭೆ 170 ಅಡಿ ಧುಮುಕುವ ಕಡೆ, ಬೀಳುವ ನೀರಿನ ಬಲದಿಂದ 19ನೆಯ ಶತಮಾನದ ಕೊನೆಗೇ ನೂಲಿನ ಗಿರಣಿ ನಡೆಸಿದರು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಕ್ಕೆಂದು ಕಟ್ಟಿದ ಮೊದಲ ಐದು ಸಂಘಗಳಲ್ಲಿ ಅದೊಂದು. ಉಳಿದವು ಸಿರ್ಸಿಲ್ಲಾ, ಕೋಡಿನಾರ್, ಮುಳಾ ಪ್ರವರಾ, ಲಖನೌ. ಇವತ್ತಿಗೂ ಹುಕ್ಕೇರಿಯ ಗ್ರಾಹಕರಿಗೆ ಕರೆಂಟು ಕೊಡುವುದು ಆ ಸಂಘವೇ. ಪಕ್ಕದ ಗೋಕಾಕಕ್ಕೆ ಹೆಸ್ಕಾಂ.

ಗೇಟ್ ಪ್ರವೇಶ ಪರೀಕ್ಷೆ ಬರೆದು ಎಂ.ಟೆಕ್. ಮುಗಿಸಿದ್ದನ್ನು ಬೇಗ ಹೇಳಿಬಿಡುತ್ತೇನೆ, ಅದರಲ್ಲಿ ಕಥೆಯಿಲ್ಲ. ಮೂರು ತಾಸು, 65 ಪ್ರಶ್ನೆ, 100 ಅಂಕ. ಬಂದ ಸ್ಕೋರು ಮೂರು ವರ್ಷ ನಡೆಯುತ್ತದೆ. ಅದರ ಮೇಲೆ ಸೀಟು ಸಿಕ್ಕರೆ ತಿಂಗಳಿಗಿಷ್ಟು ಸ್ಟೈಪೆಂಡು; ಈಗ ಎಂ.ಟೆಕ್‌.ಗೆ 12,400 ರೂಪಾಯಿ. ಪಿಎಚ್‌.ಡಿ.ಯ ಬಾಗಿಲು ಬೇರೆ. ಅಲ್ಲಿ ಸ್ಕೋರು ಸಂದರ್ಶನದ ಕೋಣೆಯವರೆಗೆ ಒಯ್ಯುತ್ತದೆ, ಒಳಗೆ "ನೀ ಏನು ಹುಡುಕಬೇಕಂತೀ?" ಎಂದು ಕೇಳುತ್ತಾರೆ.

ಆ ಪ್ರಶ್ನೆಗೆ ಉತ್ತರ ಬರೆಯಲು ಕೂತಾಗಲೇ ಕಾಕಾನ ಪುಸ್ತಕ ನೆನಪಾದದ್ದು. ಹಳೆಯವನ್ನೂ ಅಟ್ಟದಿಂದ ಇಳಿಸಿ ಊರುವಾರು ಬೇರೆ ಮಾಡಿದೆ. ಕೆಲವು ಊರುಗಳ ಹೆಸರು ಬೇಸಿಗೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ನಕಾಶೆ ಹಿಡಿದು ನೋಡಿದರೆ ಅವೆಲ್ಲ ಲೈನಿನ ಬಾಲದಲ್ಲಿದ್ದ ಊರುಗಳು. ಕಾರಣ ಪಠ್ಯಪುಸ್ತಕದಲ್ಲೇ ಇತ್ತು. ಮೋಟರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 415 ವೋಲ್ಟ್ ಇರಬೇಕಾದಲ್ಲಿ 300 ಬಂದರೆ ಬಲ ಹೆಚ್ಚುಕಡಿಮೆ ಅರ್ಧ. ಭಾವಿಯ ನೀರಿನ ಭಾರ ಮಾತ್ರ ಇದ್ದಷ್ಟೇ. ಅದನ್ನೆತ್ತಲು ಮೋಟರು ಹೆಚ್ಚು ಕರೆಂಟು ಎಳೆದು, ಕಾದು, ಕಾಯಿಲ್ ಸುಟ್ಟುಕೊಳ್ಳುತ್ತದೆ.

ಘಟಪ್ರಭಾ ಸ್ಟೇಷನ್ನಿನಲ್ಲಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಸಂದರ್ಶನಕ್ಕೆ ಹೋದೆ. ಚೀಲದಲ್ಲಿ ಮಾರ್ಕ್ಸ್‌ಕಾರ್ಡು, ಸೋದರತ್ತೆ ಕಟ್ಟಿಕೊಟ್ಟ ಕರದಂಟು, ಉದ್ರಿ ಪುಸ್ತಕ. ಕೋಣೆಯಲ್ಲಿ ಪ್ರಾಧ್ಯಾಪಕರು ಸಾಲಾಗಿ ಕೂತಿದ್ದರು. ಮೊದಲು ಬೋರ್ಡಿನ ಮೇಲೆ ಮ್ಯಾಟ್ರಿಕ್ಸ್ ಬಿಡಿಸಲು ಹೇಳಿದರು, ಆಮೇಲೆ ಇಂಡಕ್ಷನ್ ಮೋಟರಿನ ಸಮಾನ ಸರ್ಕೀಟು. ಕಡೆಗೆ ಪುಸ್ತಕ ಮೇಜಿಗೆ ಬಂತು. ಎಣ್ಣೆ ಹತ್ತಿದ ಹಾಳೆಗಳನ್ನು ಒಬ್ಬ ಹಿರಿಯರು ಬೆರಳ ತುದಿಯಲ್ಲಿ ತಿರುವಿದರು.

"ಕೆಪಾಸಿಟರ್ ಹಾಕಿದರೆ ಮುಗೀತಲ್ಲ?"

"ಪೂರ್ತಿ ಮುಗಿಯಂಗಿಲ್ಲ ಸರ್. ರಿಯಾಕ್ಟೆನ್ಸಿನ ಪಾಲು ಕಡಿಮೆ ಆಗ್ತದ. ನಮ್ಮ ಕಡೆ ಲೈನು ವೀಸೆಲ್, ತೆಳ್ಳನೆ ತಂತಿ. ಅದರ ರೆಸಿಸ್ಟೆನ್ಸಿನ ಪಾಲು ಹಂಗೇ ಉಳೀತದ."

ವೀಸೆಲ್, ರ್ಯಾಬಿಟ್ ಎಂದು ಪ್ರಾಣಿಗಳ ಹೆಸರಿನಲ್ಲೇ ಲೈನ್‌ಮನ್ನರು ತಂತಿಯ ದಪ್ಪ ಹೇಳುವುದು. ಆ ಮಾತಿಗೆ ಹಿರಿಯರು ನಕ್ಕರು. ಪಕ್ಕದಲ್ಲಿ ಅಲ್ಲಿಯತನಕ ಸುಮ್ಮನಿದ್ದ ಪ್ರಾಧ್ಯಾಪಕಿಯೊಬ್ಬರು ಕೇಳಿದರು: "ಈ ಪುಸ್ತಕದಲ್ಲಿರುವುದು ಸುಟ್ಟ ಮೋಟರುಗಳು. ಅದೇ ಊರುಗಳಲ್ಲಿ ಸುಡದೆ ಓಡುತ್ತಿರುವ ಮೋಟರುಗಳು ಎಷ್ಟು? ಅದು ಗೊತ್ತಿಲ್ಲದೆ, ಈ ಊರಲ್ಲಿ ಹೆಚ್ಚು ಸುಡುತ್ತವೆ ಅಂತ ಹೇಗೆ ಹೇಳುತ್ತೀರಿ? ಆ ಊರಲ್ಲಿ ಮೋಟರುಗಳೇ ಹೆಚ್ಚಿರಬಹುದು. ಅಥವಾ ಅವರಿಗೆ ನಿಮ್ಮ ಅಂಗಡಿಯೇ ಹತ್ತಿರವಿರಬಹುದು."

ನನ್ನ ಇಡೀ ಓದಿನಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ತುಸು ಹೊತ್ತು ಯೋಚಿಸಿ ಹೇಳಿದೆ: "ಪ್ರತಿ ಪಂಪ್‌ಸೆಟ್ಟಿಗೂ ಆರ್‌.ಆರ್‌. ನಂಬರ್ ಇರ್ತದ ಮೇಡಂ. ಯಾವ ಟ್ರಾನ್ಸ್‌ಫಾರ್ಮರಿಗೆ ಎಷ್ಟು ನಂಬರ್ ಅನ್ನೋದು ಸೆಕ್ಷನ್ ಆಫೀಸಿನಾಗ ಸಿಗ್ತದ. ಓಡೋವು ಅಲ್ಲಿ ಎಣಿಸ್ತೇನಿ, ಸುಟ್ಟವು ಎಲ್ಲಾ ವೈಂಡಿಂಗ್ ಅಂಗಡಿಗಳಾಗ ಎಣಿಸ್ತೇನಿ." ಅವರು ಕಾಗದದ ಮೇಲೆ ಏನೋ ಗುರುತು ಹಾಕಿಕೊಂಡು, ಹೋಗಿ ಬನ್ನಿ ಎಂದರು. ಆ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿತ್ತು.

ಊರಿಗೆ ಬಂದು ಪ್ರಶ್ನೆಯನ್ನು ಕಾಕಾನಿಗೆ ಒಪ್ಪಿಸಿದೆ. ಕಾಕಾ ಅಂದ: "ಓಡೋ ಮೋಟರ್ ನನ್ನ ಅಂಗಡಿಗೆ ಯಾಕ ಬರ್ತಾವಲೇ?" ಹುಡುಗರು ಇಲ್ಲಿ ನಗುತ್ತಾರೆ. ನಕ್ಕ ಮೇಲೆ ನಾನು ಹೇಳುವುದು ಇಷ್ಟು: ಅಂಗಡಿಯ ಬಾಗಿಲಿಗೆ ಬಂದದ್ದನ್ನು ಬರೆದರೆ ಉದ್ರಿ ಪುಸ್ತಕ. ಬಾರದೆ ಉಳಿದದ್ದನ್ನು ಹುಡುಕಿಕೊಂಡು ಹೋಗಿ ಎಣಿಸಿದರೆ ಥೀಸಿಸ್. ಅರ್ಜಿಯಲ್ಲಿ ನನಗೆ ಭಾಳ ಆಸಕ್ತಿ ಇದೆ ಎಂದು ಪುಟ ತುಂಬಿಸುವ ಬದಲು, ಏನನ್ನು ಎಣಿಸಿದ್ದೀರಿ, ಇನ್ನು ಏನನ್ನು ಎಣಿಸಬೇಕಾಗಿದೆ ಎಂದು ಬರೆಯಿರಿ.

ಸೀಟು ಸಿಕ್ಕ ಮೇಲಿನ ಮೆಟ್ಟಿಲುಗಳು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಮೊದಲು ಕೋರ್ಸ್‌ವರ್ಕ್, ಆಮೇಲೆ ಕಾಂಪ್ರಿಹೆನ್ಸಿವ್ ಪರೀಕ್ಷೆ. ಇಲ್ಲಿ ನಿಮ್ಮ ವಿಷಯ ಬಿಟ್ಟು ಬುಡದ ಗಣಿತ ಕೇಳುತ್ತಾರೆ, ಮೈಮರೆತರೆ ಹೊರಗೆ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ. ನಮ್ಮ ಕಾಲಕ್ಕೆ ಥೀಸಿಸ್ ಒಪ್ಪಿಸುವ ಮುಂಚೆ ಜರ್ನಲ್ಲಿನಲ್ಲಿ ಲೇಖನ ಬಂದಿರಲೇಬೇಕಿತ್ತು. ಯುಜಿಸಿಯ 2022ರ ನಿಯಮ ಆ ಕಡ್ಡಾಯ ತೆಗೆದಿದೆ, ಆದರೆ ಹಲವು ಕಡೆ ಇನ್ನೂ ಕೇಳುತ್ತಾರೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಬಂದವರು ಎಂ.ಟೆಕ್. ಇಲ್ಲದೆಯೂ ಅರ್ಜಿ ಹಾಕಬಹುದೆಂದೂ ಅದೇ ನಿಯಮ ಹೇಳುತ್ತದೆ.

ಎಣಿಕೆ ಸುಲಭವಿರಲಿಲ್ಲ. 10 ಎಚ್‌.ಪಿ. ವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ಬಹಳಷ್ಟಕ್ಕೆ ಮೀಟರೂ ಇಲ್ಲ. ಗೋಕಾಕದ ಬದಿಯಲ್ಲೂ ಹುಕ್ಕೇರಿಯ ಬದಿಯಲ್ಲೂ ಕ್ಲ್ಯಾಂಪ್‌ಮೀಟರ್ ಹಿಡಿದು, ತ್ರೀ ಫೇಸ್ ಬರುವ ಹೊತ್ತಿಗೆ ಕಾದು, ಕಬ್ಬಿನ ಸಾಲುಗಳ ನಡುವೆ ಸ್ಟಾರ್ಟರ್ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಓಡಾಡಿದೆ. ನನ್ನನ್ನು ಕಂಡ ರೈತರು ಲೈನ್ ಕಟ್ ಮಾಡಲು ಬಂದವನೆಂದು ಬಾರಕೋಲು ಎತ್ತಿದ್ದೂ ಉಂಟು.

ಕಡೆಗೆ ಓಪನ್ ವೈವಾ. ಅದಕ್ಕೆ ಹೊರಗಿನವರೂ ಬಂದು ಕೂರಬಹುದು. ಕಾಕಾ ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೋಪಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತ. ಪರೀಕ್ಷಕರ ಪ್ರಶ್ನೆಗಳು ಮುಗಿದವು. ಸಭೆಯಿಂದ ಯಾರಾದರೂ ಕೇಳುವುದಿದೆಯೇ ಎಂದಾಗ ಕಾಕಾ ಕೈ ಎತ್ತಿದ.

"ನೀ ಕೆಪಾಸಿಟರ್ ಹಾಕ್ರಿ ಅಂತ ಬರದೀ. ಅದು ಕೆಟ್ಟರ ರೈತ ಕಿತ್ತು ಒಗೀತಾನ, ಮತ್ತೊಂದು ತರಂಗಿಲ್ಲ. ಅದಕ್ಕೇನ್ ಮಾಡ್ತಿ?"

ಹೊರಗಿನ ಪರೀಕ್ಷಕರಿಗೆ ಒಬ್ಬರು ಇಂಗ್ಲಿಷಿನಲ್ಲಿ ತಿಳಿಸಿದರು. ಅವರು ನನ್ನ ಕಡೆ ತಿರುಗಿ, ಉತ್ತರಿಸಿ ಎಂದರು. ನಾನು ಕನ್ನಡದಲ್ಲೇ ಹೇಳಿದೆ: "ರೈತನ ಕೈಯಾಗ ಬಿಡಬಾರದ್ರಿ ಕಾಕಾ. 11 ಕೆವಿ ಲೈನನ್ನ ಹೊಲದ ಹತ್ರ ತಂದು, ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲಿ ನಾಕೈದು ಮೋಟರಿಗೊಂದು ಸಣ್ಣದು ಕೂಡಿಸಬೇಕು. ಟ್ರಾನ್ಸ್‌ಫಾರ್ಮರಿಂದ ಮೋಟರಿಗೆ ಬರೋ ಎಲ್‌ಟಿ ಲೈನ್ ಗಿಡ್ಡ ಆದರ ಬಾಲದಾಗ ವೋಲ್ಟೇಜ್ ಬೀಳಂಗಿಲ್ಲ. ಆದರ ಖರ್ಚು ಭಾಳ. ಅದರ ಲೆಕ್ಕ ಆರನೇ ಅಧ್ಯಾಯದಾಗ ಐತ್ರಿ."

"ಖರ್ಚು ಭಾಳ ಅಂದ್ಯಾ? ಹಂಗಾರ ನನ್ನ ಅಂಗಡಿಗೆ ಇನ್ನೂ ಹತ್ತು ವರ್ಷ ಚಿಂತಿಲ್ಲ" ಎಂದು ಕಾಕಾ ಕೂತ. ಪರೀಕ್ಷಕರು ಆರನೇ ಅಧ್ಯಾಯ ತೆಗೆದು ಆ ಲೆಕ್ಕವನ್ನು ಇನ್ನೊಮ್ಮೆ ಕೇಳಿದರು, ಆಮೇಲೆ ಸಹಿ ಹಾಕಿದರು.