ಎರಡು ಬೆರಳಿನಷ್ಟು ಗಾಳಿ

ಆಗುಂಬೆಯ ಮಳೆ ನೋಡಲೆಂದು ಹೋಗುವವರು ಬೇರೆ. ಆ ಮಳೆಯಲ್ಲೇ ಘಾಟಿ ಇಳಿಯಬೇಕಾದವರು ಬೇರೆ. ಕಳೆದ ಜುಲೈಯಲ್ಲಿ ನಾವು ಎರಡನೆಯ ಗುಂಪಿನವರು. ಉಬ್ಬಸದ ಅಮ್ಮನನ್ನು ತೀರ್ಥಹಳ್ಳಿಯಿಂದ ಉಡುಪಿಗೆ, ವೈದ್ಯರಲ್ಲಿಗೆ ಕರೆದೊಯ್ಯಬೇಕಿತ್ತು. ಕಾರು ಹಳೆಯದು; ಅದರ ಎ.ಸಿ. ಕೆಟ್ಟು ವರ್ಷಗಳೇ ಆಗಿವೆ.

ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರದು. ಗಾಳಿ ಎದ್ದರೆ ಅಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಅಡ್ಡಡ್ಡ ಬರುತ್ತದೆ. ಗಾಜು ಏರಿಸಿದರೆ ನಾಲ್ವರ ಉಸಿರಿನ ತೇವ ತಣ್ಣನೆಯ ಗಾಜಿಗೆ ಕೂತು ಎದುರಿನ ದಾರಿಯೇ ಮಾಯ. ಇಳಿಸಿದರೆ ಅಮ್ಮನ ಮಡಿಲೆಲ್ಲ ಒದ್ದೆ. 'ಉಸಿರು ಕಟ್ತದೆ ಮಾರಾಯ, ಚೂರು ಗಾಳಿ ಬಿಡು' ಎಂದು ಅಮ್ಮನ ಗೋಗರೆತ. ಮುಂದಿರುವುದೋ 14 ಹೇರ್‌ಪಿನ್ ತಿರುವುಗಳು!

ಪೇಟೆಯಲ್ಲಿ ಚಹಾಕ್ಕೆ ನಿಂತೆವು. ನಾನು ಗಾಜು ಒರೆಸುವುದನ್ನು ಕಂಡ ಮಿನಿ ಬಸ್ಸಿನ ಚಾಲಕರೊಬ್ಬರು ನಕ್ಕರು. 'ಒರೆಸಿ ಮುಗಿಯೋದಲ್ಲ ಸಾರ್. ಹೊರಗಿನ ಗಾಳಿ ತಗೊಂಡು ಫ್ಯಾನ್ ಮುಂದಿನ ಗಾಜಿಗೆ ಬಿಡಿ. ಒಳಗೆ ಬಂದ ಗಾಳಿ ಹೋಗಲಿಕ್ಕೆ ದಾರಿ ಬೇಕಲ್ಲ? ಮಳೆ ಹೊಡೆಯದ ಬದಿಯಲ್ಲಿ ಹಿಂದಿನ ಗಾಜು ಎರಡು ಬೆರಳು ಇಳಿಸಿ.'

ಉಪಾಯ ಫಲಿಸಿತು. ಆದರೆ ಒಂದೊಂದು ತಿರುವಿಗೂ ಕಾರು ಮುಖ ತಿರುಗಿಸುತ್ತದೆ. ಎಡಕ್ಕೆ ಹೊಡೆಯುತ್ತಿದ್ದ ಮಳೆ ಬಲಕ್ಕೆ. ಹಿಂದೆ ಕೂತಿದ್ದ ಅಜ್ಜಿ, ಮೊಮ್ಮಗಳು ಸರದಿಯಂತೆ ಹಿಡಿಕೆ ತಿರುಗಿಸತೊಡಗಿದರು. 'ಅಜ್ಜೀ, ಈಗ ನಿಂದು!' ಸೋಮೇಶ್ವರ ಮುಟ್ಟುವಾಗ ಅಮ್ಮ ಉಬ್ಬಸ ಮರೆತು ನಗುತ್ತಿದ್ದಳು.

ಉಡುಪಿಯಲ್ಲಿ ವೈದ್ಯರನ್ನು ಕಂಡ ಮೇಲೆ ಕಿಟಕಿಗಳ ಮೇಲಂಚಿಗೆ ಅಂಟಿಸುವ ಪ್ಲಾಸ್ಟಿಕ್ ಪಟ್ಟಿ ಹಾಕಿಸಿದೆ. ಅಂಗಡಿಯವರ ಭಾಷೆಯಲ್ಲಿ ಅದು 'ವೈಸರ್'. ಕಾರು ನಿಂತಾಗ ಅದೊಂದು ಸಣ್ಣ ಸೂರು. ಓಡುವಾಗ ಪಟ್ಟಿಯನ್ನು ಸವರಿ ಹೋಗುವ ಗಾಳಿ ಒಳಗಿನ ಬೆಚ್ಚನೆಯ ಹವೆಯನ್ನು ಹೊರಗೆಳೆಯುತ್ತದೆ. ಗಾಜಿನ ಅಂಚು ಮಾತ್ರ ಪಟ್ಟಿಯಿಂದ ಕೆಳಗಿಳಿಯಬಾರದು. ಇಳಿದರೆ ಇರಚಲು ಒಳಗೇ.

ಅಮ್ಮ ಅದನ್ನು ಮುಟ್ಟಿ ನೋಡಿದಳು. 'ಇದು ನಮ್ಮ ಜಗಲಿಗೆ ಕಟ್ತಿದ್ದ ಸೋಗೆ ತಟ್ಟಿ ಅಲ್ವೇನೋ?'

ನಿಜ. ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆ ಹೆಣೆದು ಜಗಲಿಗೆ ಕಟ್ಟುತ್ತಿದ್ದ ಆ ತಟ್ಟಿ ಇರಚಲನ್ನು ತಡೆಯುತ್ತಿತ್ತು, ಗಾಳಿಯನ್ನಲ್ಲ.

ಸಂಜೆ ಘಾಟಿ ಹತ್ತುವಾಗಲೂ ಮಳೆ ಬಿಟ್ಟಿರಲಿಲ್ಲ. ಎರಡು ಬೆರಳು ತೆರೆದ ಕಿಟಕಿಯ ಪಕ್ಕ ಅಮ್ಮ ನಿದ್ದೆ ಹೋಗಿದ್ದಳು. ಮಡಿಲಲ್ಲಿದ್ದ ಔಷಧಿ ಚೀಟಿ ಒಣಗಿಯೇ ಇತ್ತು.